ಕೊನೆಯ ಸಾಲಿನವರಿಗೂ ಜಾಗವಿದೆಯೇ? ಸಮ್ಮೇಳನಗಳ ಊರು ಮುಂಬಯಿ

"ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು" ಎಂದರು ನಮ್ಮ ಹಿರಿಯರು. ಅದಕ್ಕೆ "ಸಮ್ಮೇಳನ ನಡೆಸಿ ನೋಡು" ಎಂಬ ಮಾತನ್ನೂ ಸೇರಿಸಬಹುದು. ಧರ್ಮಕೇಂದ್ರದ ಹಬ್ಬಕ್ಕೆ ಐನೂರು ಜನರಿಗೆ ಊಟ ಹಾಕಿದವರನ್ನು ಕೇಳಿ ನೋಡಿ. ಪೆಂಡಾಲು, ಮೈಕು, ಕುರ್ಚಿ, ನೀರಿನ ಟ್ಯಾಂಕರು, ಶೌಚಾಲಯ, ಪರಊರಿನಿಂದ ಬಂದವರಿಗೆ ರಾತ್ರಿ ತಂಗಲು ಜಾಗ, ಹೀಗೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಐನೂರು ಜನರಿಗೇ ಹೀಗಾದರೆ, ಲಕ್ಷಾಂತರ ಜನ ಒಂದೇ ವಾರದಲ್ಲಿ ಒಂದು ಊರಿಗೆ ಬಂದಿಳಿದಾಗ ಆ ಊರು ಏನು ಮಾಡೀತು?

ಇಂದು ಇದೊಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. ವೈದ್ಯರ ಸಮ್ಮೇಳನ, ವ್ಯಾಪಾರ ಮೇಳ, ಯುವಜನರ ಸಮಾವೇಶ, ಧಾರ್ಮಿಕ ಕೂಟ ಎಂದು ಗುಂಪಾಗಿ ಬರುವ ಅತಿಥಿಗಳಿಗಾಗಿ ನಗರಗಳು ಪೈಪೋಟಿ ನಡೆಸುತ್ತಿವೆ. ಹೈದರಾಬಾದಿನಲ್ಲಿ 2006ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಕೇಂದ್ರ ತೆರೆಯಿತು. ಮುಂಬಯಿಯಲ್ಲಿ 2022ರಲ್ಲಿ ಜಿಯೋ ವರ್ಲ್ಡ್ ಕನ್ವೆನ್ಷನ್ ಸೆಂಟರ್ ಆರಂಭವಾಯಿತು. ದೆಹಲಿಯಲ್ಲಿ 2023ರ ಒಂದೇ ವರ್ಷದಲ್ಲಿ ಭಾರತ ಮಂಡಪಂ ಮತ್ತು ಯಶೋಭೂಮಿ ಎಂಬ ಎರಡು ಭಾರೀ ಭವನಗಳು ಉದ್ಘಾಟನೆಯಾದವು. ಸಮ್ಮೇಳನಕ್ಕೆ ಬಂದ ಅತಿಥಿ ಹೋಟೆಲಿನಲ್ಲಿ ಉಳಿಯುತ್ತಾನೆ, ಟ್ಯಾಕ್ಸಿ ಹಿಡಿಯುತ್ತಾನೆ, ಅಂಗಡಿಗೆ ಹೋಗುತ್ತಾನೆ, ಹೆಂಡತಿ ಮಕ್ಕಳಿಗೆ ಏನಾದರೂ ಕೊಳ್ಳುತ್ತಾನೆ. ಅದಕ್ಕೇ ಈ ಪೈಪೋಟಿ.

ಆದರೆ ಭವನ ಕಟ್ಟಿದ ಮಾತ್ರಕ್ಕೆ ಊರು ಸಮ್ಮೇಳನಗಳ ಊರಾಗುವುದಿಲ್ಲ. ಇಂತಹ ಭವನಗಳು ಇಲ್ಲದ ಕಾಲದಲ್ಲೂ ಜನಸಾಗರವನ್ನು ತನ್ನ ಮಡಿಲಿಗೆ ತೆಗೆದುಕೊಂಡ ನಗರ ಮುಂಬಯಿ. ಗಡಿನಾಡಿನ ನಮ್ಮ ಎಷ್ಟೋ ಕುಟುಂಬಗಳಿಗೆ ದುಡಿಮೆಯ ಊರಾಗಿಯೇ ಪರಿಚಿತವಾದ ಈ ನಗರವನ್ನು ಇಂದು ಸಮ್ಮೇಳನಗಳ ಊರಾಗಿ ನೋಡೋಣ.

ಕಾಲರಾ ತಂದ ಸಭೆ

1885ರ ಡಿಸೆಂಬರಿನಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಬೇಕಾಗಿದ್ದುದು ಪುಣೆಯಲ್ಲಿ. ಅಲ್ಲಿ ಕಾಲರಾ ಕಾಣಿಸಿಕೊಂಡದ್ದರಿಂದ ಸಭೆಯನ್ನು ಮುಂಬಯಿಗೆ ವರ್ಗಾಯಿಸಿದರು. ಡಿಸೆಂಬರ್ 28ರಂದು ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ 72 ಪ್ರತಿನಿಧಿಗಳು ಸೇರಿದರು. ಡಬ್ಲ್ಯು. ಸಿ. ಬ್ಯಾನರ್ಜಿ ಅಧ್ಯಕ್ಷತೆ ವಹಿಸಿದರು. ಒಂದು ರಾಷ್ಟ್ರದ ಇತಿಹಾಸವನ್ನೇ ತಿರುಗಿಸಿದ ಸಂಸ್ಥೆ ಹುಟ್ಟಿದ್ದು ಒಂದು ಶಾಲೆಯ ಸೂರಿನಡಿಯಲ್ಲಿ. ಬಂದವರು ಎಪ್ಪತ್ತೆರಡೇ ಜನ. ಕೊನೆಯ ಗಳಿಗೆಯಲ್ಲಿ ಸ್ಥಳ ಬದಲಾದರೂ ಸಭೆ ನಿಲ್ಲಲಿಲ್ಲ. ಅತಿಥಿ ಹೇಳದೆ ಬಂದರೂ ಒಲೆ ಹೊತ್ತಿಸುವ ಮನೆಯಂತೆ ಮುಂಬಯಿ ನಡೆದುಕೊಂಡಿತು.

ಆ ಕಾಲೇಜಿನ ಸಮೀಪದಲ್ಲೇ ಇದೆ ಗೋವಾಲಿಯಾ ಟ್ಯಾಂಕ್ ಮೈದಾನ. 57 ವರ್ಷಗಳ ನಂತರ, 1942ರ ಆಗಸ್ಟ್ 8ರಂದು, "ಭಾರತ ಬಿಟ್ಟು ತೊಲಗಿ" ಚಳವಳಿಗೆ ಕರೆ ಹೊರಟದ್ದು ಅಲ್ಲಿಂದಲೇ. ಇಂದು ಅದರ ಹೆಸರು ಆಗಸ್ಟ್ ಕ್ರಾಂತಿ ಮೈದಾನ. ಅಂದು ಕಾಲೇಜಿನ ಒಳಗೆ ಆರಂಭವಾದ ಸಭೆ ಬಯಲಿಗೆ ಬಂದು ಜನಸಮುದ್ರವಾಗಿತ್ತು.

ಫಿರಂಗಿಗಾಗಿ ಬಿಟ್ಟ ಬಯಲು

ಒಂದಿಂಚು ಜಾಗಕ್ಕೂ ಬಂಗಾರದ ಬೆಲೆಯಿರುವ ಮುಂಬಯಿಯ ನಡುವೆ ಇಷ್ಟು ಮೈದಾನಗಳು ಹೇಗೆ ಉಳಿದವು? ಇದರ ಹಿಂದೆ ಒಂದು ಸ್ವಾರಸ್ಯವಿದೆ. ಬ್ರಿಟಿಷರ ಕಾಲದಲ್ಲಿ ಫೋರ್ಟ್ ಎಂಬ ಭಾಗಕ್ಕೆ ನಿಜವಾಗಿಯೂ ಕೋಟೆಯ ಗೋಡೆ ಇತ್ತು. ಶತ್ರು ಬಂದರೆ ಫಿರಂಗಿ ಹಾರಿಸಲು ಅಡ್ಡಿಯಾಗಬಾರದೆಂದು ಗೋಡೆಯ ಆಚೆಗೆ ವಿಶಾಲ ಜಾಗವನ್ನು ಖಾಲಿ ಬಿಟ್ಟಿದ್ದರು. 1860ರ ದಶಕದಲ್ಲಿ ಕೋಟೆಗೋಡೆ ಕೆಡವಿದರು. ಆ ಬಯಲಿನ ಒಂದಷ್ಟು ಭಾಗ ಹಾಗೆಯೇ ಉಳಿಯಿತು. ಇಂದಿನ ಓವಲ್ ಮೈದಾನ, ಕ್ರಾಸ್ ಮೈದಾನ, ಆಜಾದ್ ಮೈದಾನಗಳು ಆ ಬಯಲಿನ ತುಂಡುಗಳೇ. ಕ್ರಾಸ್ ಮೈದಾನಕ್ಕೆ ಆ ಹೆಸರು ಬಂದಿರುವುದು ಅಲ್ಲಿರುವ ಪುರಾತನ ಶಿಲುಬೆಯಿಂದ.

ಯುದ್ಧಕ್ಕಾಗಿ ಬಿಟ್ಟ ನೆಲ ಜನ ಕೂಡುವ ನೆಲವಾಯಿತು. ಖಡ್ಗವನ್ನು ಬಡಿದು ನೇಗಿಲ ಗುಳವನ್ನಾಗಿ ಮಾಡುವ ಪ್ರವಾದಿ ಯೆಶಾಯನ ಕನಸನ್ನು ಬಲ್ಲ ನಮಗೆ ಇದರಲ್ಲಿ ಒಂದು ಅರ್ಥ ಕಾಣದಿರದು. ಚರ್ಚ್‌ಗೇಟ್ ರೈಲು ನಿಲ್ದಾಣ ಓವಲ್ ಮೈದಾನದ ಪಕ್ಕದಲ್ಲೇ ಇದೆ. ಬೋರಿಬಂದರ್, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ನಡೆದು ಹೋಗುವಷ್ಟು ದೂರದಲ್ಲಿದೆ. ಬಯಲಿನ ಬದಿಗೇ ರೈಲು ಇರುವುದರಿಂದ ಬಡವನೂ ಸಭೆಗೆ ಬರಬಹುದಾಗಿತ್ತು. ಸಮ್ಮೇಳನಗಳ ಊರಾಗಲು ಮುಂಬಯಿಗೆ ಸಿಕ್ಕ ಮೊದಲ ವರ ಇದೇ.

ಜಗದ್ಗುರುಗಳು ಬಂದ ವರ್ಷ

ಮುಂಬಯಿಯ ಕ್ರೈಸ್ತರ ಮನೆಗಳಲ್ಲಿ ಅಜ್ಜ ಅಜ್ಜಿಯರು ಇಂದಿಗೂ ನೆನೆಯುವ ವರ್ಷ 1964. ಆ ವರ್ಷದ ನವೆಂಬರ್ ಕೊನೆ ಮತ್ತು ಡಿಸೆಂಬರ್ ಮೊದಲ ವಾರದಲ್ಲಿ 38ನೆಯ ಅಂತರರಾಷ್ಟ್ರೀಯ ಪರಮಪ್ರಸಾದ ಮಹಾಸಮ್ಮೇಳನ ಓವಲ್ ಮೈದಾನದಲ್ಲಿ ನಡೆಯಿತು. ಆಗ ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದವರು ಭಾರತದ ಪ್ರಪ್ರಥಮ ಕಾರ್ಡಿನಲ್ ವಲೇರಿಯನ್ ಗ್ರೇಸಿಯಸ್. ಡಿಸೆಂಬರ್ 2ರಂದು ಜಗದ್ಗುರು ಆರನೆಯ ಪೌಲರು ಮುಂಬಯಿಯಲ್ಲಿ ಇಳಿದರು. ಪೋಪರೊಬ್ಬರು ಭಾರತದ ನೆಲದ ಮೇಲೆ ಕಾಲಿಟ್ಟದ್ದು ಅದೇ ಮೊದಲು. ರಸ್ತೆಯ ಇಕ್ಕೆಲಗಳಲ್ಲಿ ಲಕ್ಷಾಂತರ ಜನ ನಿಂತಿದ್ದರು. ಅವರಲ್ಲಿ ಬಹುಪಾಲು ಕ್ರೈಸ್ತರಲ್ಲ. ದೂರದ ದೇಶದಿಂದ ಒಬ್ಬ ಧರ್ಮಗುರು ಬಂದಿದ್ದಾರೆ, ದರ್ಶನ ಮಾಡೋಣ ಎಂದು ಬಂದ ಸಾಮಾನ್ಯ ಜನ. ವಿರೋಧದ ದನಿಗಳೂ ಇದ್ದವು. ಆದರೆ ಸ್ವಾಗತದ ದನಿ ಅವನ್ನು ಮೀರಿಸಿತು.

ಡಿಸೆಂಬರ್ 3ರಂದು ಓವಲ್ ಮೈದಾನದಲ್ಲಿ ಪರಿಶುದ್ಧ ಪಿತರು ಐದು ಖಂಡಗಳ ಆರು ಮಂದಿಗೆ ಧರ್ಮಾಧ್ಯಕ್ಷ ದೀಕ್ಷೆ ನೀಡಿದರು. ಅನ್ಯಧರ್ಮಗಳ ಪ್ರತಿನಿಧಿಗಳೊಡನೆ ಮಾತನಾಡುವಾಗ ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನು ಗೌರವದಿಂದ ಸ್ಮರಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆ ಇನ್ನೂ ಮುಗಿದಿರಲಿಲ್ಲ. ಅನ್ಯಧರ್ಮಗಳ ಕುರಿತ ಅದರ ಘೋಷಣೆ ಹೊರಬಂದದ್ದು ಮರುವರ್ಷ, 1965ರಲ್ಲಿ.

ಆ ಸಮ್ಮೇಳನದಿಂದ ಉಳಿದ ಎರಡು ಸಂಗತಿಗಳನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಮೊದಲನೆಯದು, ಮುಂಬಯಿಯಲ್ಲಿ ಪತ್ರಕರ್ತರ ಮುಂದೆ ಪೋಪರು ಮಾಡಿದ ಮನವಿ. ಲೋಕದ ರಾಷ್ಟ್ರಗಳು ಶಸ್ತ್ರಾಸ್ತ್ರಗಳಿಗೆ ಸುರಿಯುವ ಹಣದ ಒಂದು ಭಾಗವನ್ನಾದರೂ ತೆಗೆದಿಟ್ಟು ಬಡಜನರಿಗಾಗಿ ಒಂದು ವಿಶ್ವನಿಧಿ ಮಾಡಲಿ ಎಂದು ಅವರು ಕೇಳಿಕೊಂಡರು. 1967ರಲ್ಲಿ ರಾಷ್ಟ್ರಗಳ ಪ್ರಗತಿಯ ಕುರಿತು ಬರೆದ ವಿಶ್ವಪತ್ರದಲ್ಲಿ ಮುಂಬಯಿಯ ಈ ಮನವಿಯನ್ನು ಅವರೇ ಮತ್ತೆ ನೆನಪಿಸಿದರು. ಫಿರಂಗಿಗಾಗಿ ಬಿಟ್ಟ ಬಯಲಿನಲ್ಲಿ ಬಲಿಪೂಜೆ ಅರ್ಪಿಸಿದವರ ಬಾಯಿಂದ ಈ ಮಾತು ಬಂದದ್ದು ಎಷ್ಟು ಅರ್ಥಪೂರ್ಣ!

ಎರಡನೆಯದು ಒಂದು ಕಾರಿನ ಕಥೆ. ಮುಂಬಯಿಯಲ್ಲಿ ಬಳಸಲೆಂದು ಪೋಪರಿಗೆ ಅಮೆರಿಕದಿಂದ ಒಂದು ಬಿಳಿಯ ಲಿಂಕನ್ ಕಾರು ಕೊಡುಗೆಯಾಗಿ ಬಂದಿತ್ತು. ಹೊರಡುವಾಗ ಅದನ್ನು ಅವರು ಮದರ್ ತೆರೇಸಾರಿಗೆ ಕೊಟ್ಟರು. ಮದರ್ ಆ ಕಾರಿನಲ್ಲಿ ಓಡಾಡಲಿಲ್ಲ. ಲಾಟರಿಯಲ್ಲಿಟ್ಟು, ಬಂದ ಹಣವನ್ನು ಕುಷ್ಠರೋಗಿಗಳ ವಸತಿಯಾದ ಶಾಂತಿನಗರಕ್ಕೆ ಬಳಸಿದರು. ಸಮ್ಮೇಳನ ಮುಗಿದ ಮೇಲೆ ಪೆಂಡಾಲು ಬಿಚ್ಚಿದರು, ಬಾವುಟ ಇಳಿಸಿದರು. ಆದರೆ ಆ ಕಾರಿನ ಬೆಲೆ ಮನೆಯಿಂದ ಹೊರದೂಡಲ್ಪಟ್ಟವರ ತಲೆಯ ಮೇಲೆ ಸೂರಾಗಿ ನಿಂತಿತು. ದಕ್ಷಿಣ ಮುಂಬಯಿಯ ಹೋಲಿ ನೇಮ್ ಪ್ರಧಾನಾಲಯಕ್ಕೆ ಹೋದವರು ಆರನೆಯ ಪೌಲರು ಆ ಸಂದರ್ಭದಲ್ಲಿ ಕೊಡುಗೆಯಾಗಿತ್ತ ಗಂಟೆಯ ಬಗ್ಗೆ ಕೇಳಿ ತಿಳಿಯಿರಿ.

ಗಡಿನಾಡಿನ ಕವಿ, ಮುಂಬಯಿಯ ವೇದಿಕೆ

ಕನ್ನಡಿಗರ ಸಮ್ಮೇಳನಕ್ಕೂ ಮುಂಬಯಿ ಮನೆಯಾಗಿದೆ. 1951ರಲ್ಲಿ ಅಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು ಯಾರು ಗೊತ್ತೇ? ಕಾಸರಗೋಡು ಸೀಮೆಯ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು. ಯೇಸುಸ್ವಾಮಿಯ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯ ಬರೆದ ಮಹನೀಯರು. ಅದರ ಹಿಂದಿನ ವರ್ಷ, 1950ರಲ್ಲಿ, ಸಮ್ಮೇಳನ ನಡೆದದ್ದು ಸೊಲ್ಲಾಪುರದಲ್ಲಿ. ಹೀಗೆ ಎರಡು ವರ್ಷ ಸತತವಾಗಿ ಕನ್ನಡದ ದೊಡ್ಡ ಕೂಟ ಸೇರಿದ್ದು ಇಂದಿನ ಕರ್ನಾಟಕದ ಗಡಿಯಾಚೆ.

ಅದು ಸಾಧ್ಯವಾದದ್ದು ಅಲ್ಲಿ ನೆಲೆಸಿದ್ದ ನಮ್ಮ ಜನರಿಂದ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದಿದ ಹುಡುಗರು ಮುಂಬಯಿಯಲ್ಲಿದ್ದರು. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂತಹ ಸಂಸ್ಥೆಗಳು ನಾಟಕ, ಉಪನ್ಯಾಸ, ಪುಸ್ತಕ ಎಂದು ದೀಪ ಆರದಂತೆ ನೋಡಿಕೊಂಡಿವೆ. ಸಮ್ಮೇಳನ ಮೂರು ದಿನದ ಮಾತು. ಅದರ ಹಿಂದೆ ಮೂವತ್ತು ವರ್ಷದ ಬಾಳ್ವೆ ಇರಬೇಕು.

ಉಳಿಯುವುದೆಲ್ಲಿ?

ಗುಂಪಾಗಿ ನಗರಕ್ಕೆ ಹೋಗುವವರನ್ನು ಕಾಡುವ ಮೊದಲ ಪ್ರಶ್ನೆ ಇದು. ಮುಂಬಯಿಯಲ್ಲಿ ಹೋಟೆಲು ಕೋಣೆಯ ಬಾಡಿಗೆ ಕೇಳಿ ಬೆಚ್ಚಿ ಬೀಳದವರಿಲ್ಲ. ಈ ಪ್ರಶ್ನೆಗೆ ಹಿಂದಿನವರು ತಾವೇ ಉತ್ತರ ಕಂಡುಕೊಂಡಿದ್ದರು. ಗೋವೆಯ ಓದುಗರಿಗೆ 'ಕೂಡ್' ಎಂಬ ಮಾತು ಗೊತ್ತು. ಹಡಗಿನ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದ ಗೋವೆಯ ಯುವಕರಿಗಾಗಿ ಒಂದೊಂದು ಹಳ್ಳಿಯವರೂ ಸೇರಿ ಮಾಡಿಕೊಂಡ ವಸತಿಗಳು ಅವು. ಧೋಬಿ ತಲಾವಿನ ಜೆರ್ ಮಹಲ್ ಕಟ್ಟಡದಲ್ಲಿ ಇಂತಹ ಹಲವು ಕೂಡ್‌ಗಳು ನೆಲೆಯಾಗಿದ್ದವು. ಒಂದು ದೊಡ್ಡ ಕೋಣೆ, ಗೋಡೆಯ ಬದಿಗೆ ಸಾಲು ಪೆಟ್ಟಿಗೆಗಳು, ಮಲಗಲು ಚಾಪೆಯಷ್ಟು ಜಾಗ, ಎದುರಿಗೆ ಊರಿನ ಪಾಲಕ ಸಂತರ ಪೀಠ. ಸಂಜೆ ಎಲ್ಲರೂ ಕೂಡಿ ಜಪಮಾಲೆ. ಬಾಡಿಗೆ ಅತಿ ಕಡಿಮೆ. ನಿಯಮ ಮಾತ್ರ ಕಟ್ಟುನಿಟ್ಟು. ಊರು ತನ್ನ ಮಗನನ್ನು ನಗರದ ಬೀದಿಗೆ ಬಿಟ್ಟುಕೊಡಲಿಲ್ಲ. ಪರ ನಗರದಲ್ಲಿ ಅವನಿಗಾಗಿ ಒಂದು ಚಾಪೆ ಹಾಸಿಟ್ಟಿತು.

ಕೂಡ್‌ಗಳ ಸಂಖ್ಯೆ ಇಂದು ಬಹಳ ಇಳಿದಿದೆ. ಆದರೂ ಪಾಠ ಹಳತಾಗಿಲ್ಲ. ಒಂದು ಧರ್ಮಕೇಂದ್ರದ ಗುಂಪು ಇನ್ನೊಂದು ಧರ್ಮಕೇಂದ್ರದ ಸಭಾಂಗಣದಲ್ಲಿ, ಶಾಲೆಯಲ್ಲಿ, ಭಗಿನಿಯರ ಮಠದಲ್ಲಿ ತಂಗುವ ಪದ್ಧತಿ ನಮ್ಮಲ್ಲಿ ಜೀವಂತವಾಗಿದೆ. ಮೊದಲೇ ಪತ್ರ ಬರೆದು ಕೇಳಬೇಕು, ಅಷ್ಟೆ. ಬಾಂದ್ರಾದ ಮೌಂಟ್ ಮೇರಿ ಬೆಟ್ಟದ ಜಾತ್ರೆಯನ್ನೇ ನೋಡಿ. ಸೆಪ್ಟೆಂಬರ್ 8ರ ನಂತರದ ಭಾನುವಾರ ಆರಂಭವಾಗಿ ಒಂದು ವಾರ ನಡೆಯುವ ಈ ಜಾತ್ರೆಗೆ ಎಲ್ಲ ಧರ್ಮದವರೂ ಬರುತ್ತಾರೆ. ಮೇಣದ ಕೈ, ಮೇಣದ ಕಾಲು, ಮೇಣದ ಮನೆ ಹಿಡಿದು ಮಾತೆಯ ಮುಂದೆ ನಿಲ್ಲುತ್ತಾರೆ. ಮಾತೆಯ ಮುಂದೆ ನಿಲ್ಲಲು ಆಮಂತ್ರಣ ಪತ್ರವೂ ಬೇಡ, ಪ್ರವೇಶ ಶುಲ್ಕವೂ ಬೇಡ.

ಬಯಲಿನಿಂದ ಭವನಕ್ಕೆ

2004ರ ಜನವರಿ 16ರಿಂದ 21ರವರೆಗೆ ಗೋರೆಗಾಂವಿನ ನೆಸ್ಕೊ ಮೈದಾನದಲ್ಲಿ ವಿಶ್ವ ಸಾಮಾಜಿಕ ವೇದಿಕೆ ಸೇರಿತು. ಹಳೆಯ ಕಾರ್ಖಾನೆಯ ಶೆಡ್ಡುಗಳೇ ಸಭಾಂಗಣಗಳು. ನೂರಕ್ಕೂ ಹೆಚ್ಚು ದೇಶಗಳ ಸುಮಾರು ಒಂದು ಲಕ್ಷ ಜನ ಬಂದರು. ದಲಿತರು, ಆದಿವಾಸಿಗಳು, ಮೀನುಗಾರರು, ಕಾರ್ಮಿಕ ಮಹಿಳೆಯರು ತಮ್ಮ ತಮ್ಮ ಡೋಲು ತಮಟೆಗಳೊಡನೆ ಬಂದು ತಮ್ಮ ನೋವನ್ನು ಲೋಕಕ್ಕೆ ಹೇಳಿದರು.

2023ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 141ನೆಯ ಅಧಿವೇಶನ ಬಾಂದ್ರಾ ಕುರ್ಲಾ ಸಂಕೀರ್ಣದ ಜಿಯೋ ವರ್ಲ್ಡ್ ಕನ್ವೆನ್ಷನ್ ಸೆಂಟರಿನಲ್ಲಿ ನಡೆಯಿತು. ಎಲ್ಲವೂ ತಣ್ಣಗೆ, ಎಲ್ಲವೂ ಅಚ್ಚುಕಟ್ಟು. 2024ರ ಅಕ್ಟೋಬರಿನಿಂದ ಆ ಪ್ರದೇಶಕ್ಕೆ ನೆಲದಡಿಯ ಮೆಟ್ರೋ ರೈಲೂ ಬಂದಿದೆ.

ಭವನಗಳು ಬೇಡವೆನ್ನಲಾಗದು. ಮಳೆಗಾಲದಲ್ಲಿ ಮುಂಬಯಿಯ ಬಯಲನ್ನು ನಂಬಿ ಸಭೆ ಕರೆಯುವಂತಿಲ್ಲ. 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಊರು ಅದು. ಭವನಕ್ಕೆ ಸೂರಿದೆ, ಗಾಲಿಕುರ್ಚಿಯವರಿಗೆ ದಾರಿಯಿದೆ, ಶೌಚಾಲಯವಿದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಯಲಿಗೆ ಯಾರು ಬೇಕಾದರೂ ಬರಬಹುದಿತ್ತು. ಭವನದ ಬಾಗಿಲಲ್ಲಿ ಗುರುತಿನ ಬಿಲ್ಲೆ ಕೇಳುತ್ತಾರೆ. ಒಳಗೆ ಊಟ ಬಡಿಸುವವರು, ನೆಲ ಒರೆಸುವವರು, ರಾತ್ರಿ ಕುರ್ಚಿ ಜೋಡಿಸುವವರು ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದ ಹೋಗುತ್ತಾರೆ. ಅವರಲ್ಲಿ ನಮ್ಮ ಸೀಮೆಯ ಮಕ್ಕಳೂ ಇರಬಹುದು.

ನೆರಳು ಯಾರಿಗೆ, ಬಿಸಿಲು ಯಾರಿಗೆ?

ಬಯಲಾದರೂ ಬಡವರಿಗೆ ತಾನಾಗಿಯೇ ತಾಯಿಯಾಗುವುದಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ಸರ್ಕಾರದ ಪ್ರಶಸ್ತಿ ಪ್ರದಾನ ಸಮಾರಂಭವೊಂದು ಬಯಲಿನಲ್ಲಿ ನಡೆಯಿತು. ಲಕ್ಷಾಂತರ ಜನ ಭಕ್ತಿಯಿಂದ ಬಂದಿದ್ದರು. ಗಣ್ಯರು ಕುಳಿತ ವೇದಿಕೆಗೆ ನೆರಳಿತ್ತು. ಜನರು ಕುಳಿತಲ್ಲಿ ಏಪ್ರಿಲಿನ ಸುಡುಬಿಸಿಲು. ಬಿಸಿಲಿನ ಹೊಡೆತಕ್ಕೆ ಸಿಲುಕಿ 14 ಮಂದಿ ಪ್ರಾಣ ಕಳೆದುಕೊಂಡರು. ಪ್ರಶಸ್ತಿಯ ಭಾಷಣಗಳು ಯಾರಿಗೂ ನೆನಪಿಲ್ಲ. ಆ ಹದಿನಾಲ್ಕು ಮನೆಗಳಲ್ಲಿ ಮಾತ್ರ ಆ ದಿನ ಮುಗಿದಿಲ್ಲ.

ಮೇಲೆ ಹೇಳಿದ ದಿನಾಂಕಗಳನ್ನು ಇನ್ನೊಮ್ಮೆ ನೋಡಿ. 1885ರ ಕಾಂಗ್ರೆಸ್ ಸಭೆ ಡಿಸೆಂಬರಿನಲ್ಲಿ. 1964ರ ಪರಮಪ್ರಸಾದ ಸಮ್ಮೇಳನ ನವೆಂಬರ್ ಡಿಸೆಂಬರಿನಲ್ಲಿ. ಎರಡನೆಯ ಜಾನ್ ಪೌಲರು ಶಿವಾಜಿ ಪಾರ್ಕಿನಲ್ಲಿ ಬಲಿಪೂಜೆ ಅರ್ಪಿಸಿದ್ದು 1986ರ ಫೆಬ್ರವರಿಯಲ್ಲಿ. ವಿಶ್ವ ಸಾಮಾಜಿಕ ವೇದಿಕೆ ಜನವರಿಯಲ್ಲಿ. ಮಳೆಯೂ ಬೇಸಿಗೆಯೂ ಇಲ್ಲದ ನಾಲ್ಕು ತಿಂಗಳು. ಒಂದು ಸಭೆಗೆ ದಿನಾಂಕ ಗೊತ್ತುಮಾಡುವುದೂ ಪ್ರೀತಿಯ ಕೆಲಸವೇ. ಯಾರಿಗೆ ಅನುಕೂಲ ಎಂದು ಕೇಳಿಕೊಂಡು ದಿನ ಹಿಡಿಯಬೇಕು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಚಿತ್ರವಿದೆ. 2018ರ ಮಾರ್ಚಿನಲ್ಲಿ ಸಾವಿರಾರು ರೈತರು ನಾಸಿಕದಿಂದ ಮುಂಬಯಿಗೆ ಸುಮಾರು 180 ಕಿಲೋಮೀಟರ್ ನಡೆದು ಬಂದರು. ಅವರಲ್ಲಿ ಬಹಳ ಮಂದಿ ಆದಿವಾಸಿಗಳು, ಮುದುಕಿಯರೂ ಇದ್ದರು. ಮಾರ್ಚ್ 12ರ ಬೆಳಗ್ಗೆ ಮಕ್ಕಳಿಗೆ ಹತ್ತನೆಯ ತರಗತಿಯ ಪರೀಕ್ಷೆ ಇತ್ತು. ಹಗಲು ನಡೆದರೆ ರಸ್ತೆ ಕಟ್ಟಿ ಮಕ್ಕಳಿಗೆ ತೊಂದರೆಯಾದೀತೆಂದು, ದಣಿದ ಕಾಲುಗಳನ್ನೇ ಎಳೆಯುತ್ತ ಅವರು ರಾತ್ರೋರಾತ್ರಿ ಸಯನ್‌ನಿಂದ ಆಜಾದ್ ಮೈದಾನಕ್ಕೆ ನಡೆದರು. ನಗರದ ಜನ ನೀರು, ಊಟ, ಬಿಸ್ಕತ್ತು ಹಿಡಿದು ದಾರಿಯಲ್ಲಿ ನಿಂತರು. ಬೊಕ್ಕೆ ಎದ್ದ ಕಾಲುಗಳನ್ನು ಕಂಡು ಚಪ್ಪಲಿ ತಂದುಕೊಟ್ಟರು. ಅತಿಥಿ ಹೇಗಿರಬೇಕು, ಆತಿಥೇಯ ಹೇಗಿರಬೇಕು ಎಂಬ ಎರಡು ಪಾಠವೂ ಒಂದೇ ರಾತ್ರಿಯಲ್ಲಿ ಸಿಕ್ಕಿತು.

ನಮ್ಮ ಗುಂಪು ಹೊರಡುವ ಮುನ್ನ

ಯುವಜನರ ಸಮಾವೇಶ, ಮಹಿಳೆಯರ ಕೂಟ, ಯಾತ್ರೆ ಎಂದು ನಮ್ಮ ಧರ್ಮಕೇಂದ್ರಗಳಿಂದಲೂ ಗುಂಪುಗಳು ಮಹಾನಗರಕ್ಕೆ ಹೊರಡುತ್ತವೆ. ಸೊಲ್ಲಾಪುರದವರು ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮುಂಬಯಿ. ಆದೋನಿಯವರ ಊರು ಮುಂಬಯಿ ಚೆನ್ನೈ ರೈಲು ಮಾರ್ಗದಲ್ಲೇ ಇದೆ. ಕಾಸರಗೋಡಿನವರಿಗೆ 1998ರಿಂದ ಕೊಂಕಣ ರೈಲು ದಾರಿ ತೆರೆದಿದೆ. ಹೊರಡುವವರು ನಾಲ್ಕು ಮಾತು ನೆನಪಿಡಲಿ.

ಒಂದು: ಎಣಿಕೆ ಮರೆಯಬೇಡಿ. ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಜೋಸೆಫರೂ ಮರಿಯಮ್ಮನವರೂ ಹಬ್ಬ ಮುಗಿಸಿ ಜೆರುಸಲೇಮಿನಿಂದ ಹೊರಟರು. ಮಗ ಗುಂಪಿನಲ್ಲೇ ಇದ್ದಾನೆಂದು ತಿಳಿದು ಒಂದು ದಿನದ ದಾರಿ ನಡೆದರು. ಆಮೇಲೆ ನೋಡಿದರೆ ಇಲ್ಲ. ಪವಿತ್ರ ಕುಟುಂಬಕ್ಕೇ ಹಾಗಾದ ಮೇಲೆ ನಮಗಾಗದೇ? ಹತ್ತು ಜನಕ್ಕೆ ಒಬ್ಬ ಹೊಣೆಗಾರ ಇರಲಿ. ಮಕ್ಕಳ ಮತ್ತು ಹಿರಿಯರ ಜೇಬಿನಲ್ಲಿ ಹೆಸರು, ಫೋನ್ ನಂಬರ್, ತಂಗುವ ಸ್ಥಳ ಬರೆದ ಚೀಟಿ ಇರಲಿ.

ಎರಡು: ನೂಕುನುಗ್ಗಲಿಗೆ ಅವಸರ ಬೇಡ. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಾಲುಸೇತುವೆಯಲ್ಲಿ ಕಾಲ್ತುಳಿತವಾಗಿ 20ಕ್ಕೂ ಹೆಚ್ಚು ಜನ ಸತ್ತರು. ಬೆಳಗಿನ ಮತ್ತು ಸಂಜೆಯ ಆಫೀಸು ವೇಳೆಯಲ್ಲಿ ಗುಂಪನ್ನು ಲೋಕಲ್ ರೈಲಿಗೆ ಹತ್ತಿಸಬೇಡಿ. ಒಂದು ಗಂಟೆ ತಡವಾದರೂ ಚಿಂತೆಯಿಲ್ಲ.

ಮೂರು: ಬರಲಾಗದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 2020ರ ಮಾರ್ಚಿನಲ್ಲಿ ರೈಲ್ವೆಯವರು ಹಿರಿಯರ ಟಿಕೆಟಿನ ರಿಯಾಯಿತಿ ನಿಲ್ಲಿಸಿದ ಮೇಲೆ ಎಷ್ಟೋ ಅಜ್ಜ ಅಜ್ಜಿಯರು "ನನಗೆ ಬೇಡಪ್ಪ, ನೀವು ಹೋಗಿ ಬನ್ನಿ" ಎಂದು ಹಿಂದೆ ಸರಿದಿದ್ದಾರೆ. ಅವರಿಗೆ ಇಷ್ಟವಿಲ್ಲ ಎಂದಲ್ಲ, ಕೈಯಲ್ಲಿ ಹಣವಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಹೆಚ್ಚು ಹಾಕಿದರೆ ಒಬ್ಬರ ಟಿಕೆಟ್ಟು ಆಗುತ್ತದೆ. ಅದನ್ನು ಕೊಡುವಾಗ ಹತ್ತು ಜನರ ಮುಂದೆ ಕೊಡಬೇಡಿ.

ನಾಲ್ಕು: ಅಲ್ಲಿ ನಿಮಗೆ ಊಟ ಬಡಿಸಿದವರ ಹೆಸರು ಕೇಳಿ. ಊರು ಯಾವುದೆಂದು ಕೇಳಿ. ಕನ್ನಡದಲ್ಲೇ ಉತ್ತರ ಬಂದರೆ ಆಶ್ಚರ್ಯಪಡಬೇಡಿ.

ಪಂಚಾಶತ್ತಮ ಹಬ್ಬದ ದಿನ ಜೆರುಸಲೇಮ್ ಕೂಡ ಒಂದು ಸಮ್ಮೇಳನಗಳ ಊರಾಗಿತ್ತು. ನಾನಾ ದೇಶಗಳಿಂದ ಬಂದ ಜನ ಬೀದಿಯಲ್ಲಿ ನೆರೆದಿದ್ದರು. ಪವಿತ್ರಾತ್ಮರು ಇಳಿದು ಬಂದಾಗ ಆದ ಅದ್ಭುತವೇನು? ಪ್ರತಿಯೊಬ್ಬನಿಗೂ ತನ್ನ ತನ್ನ ತಾಯ್ನುಡಿಯಲ್ಲಿ ಮಾತು ಕೇಳಿಸಿತು. ದೂರದವನಿಗೂ, ಹಿಂದೆ ನಿಂತವನಿಗೂ ಕೇಳಿಸಿತು. ಗಡಿಯಾಚೆ ಬಾಳುತ್ತ ಕನ್ನಡದಲ್ಲಿ ಪ್ರಾರ್ಥಿಸುವ ನಮಗೆ ಇದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

ನಗರ ಎಷ್ಟು ದೊಡ್ಡದು, ಭವನ ಎಷ್ಟು ಎತ್ತರ, ಜನ ಎಷ್ಟು ಲಕ್ಷ ಎಂಬ ಲೆಕ್ಕ ಪತ್ರಿಕೆಯವರಿಗಿರಲಿ. ಬರುವ ಹಬ್ಬಕ್ಕೆ ನಮ್ಮ ದೇವಾಲಯದ ಅಂಗಳದಲ್ಲೇ ಪೆಂಡಾಲು ಹಾಕುವಾಗ ಮೊದಲು ಕೊನೆಯ ಸಾಲಿಗೆ ಹೋಗಿ ಕುಳಿತು ನೋಡಿ. ಅಲ್ಲಿಗೆ ನೆರಳು ಬೀಳುತ್ತದೆಯೇ? ಮಾತು ಕೇಳಿಸುತ್ತದೆಯೇ? ನೀರು ಬರುತ್ತದೆಯೇ? ಇಷ್ಟನ್ನು ನೋಡಿ ಸರಿಪಡಿಸಿದ ಮೇಲೆ ವೇದಿಕೆಗೆ ಹೂವಿನ ಅಲಂಕಾರ ಮಾಡಿದರಾಯಿತು.